ಒಡೆದ ಕನ್ನಡಿಯ ವಾಣ

ಕಸ ಕಡಿಮೆ ಮಾಡುವುದಕ್ಕೆಂದು ಶುಭಾಂಗಿ ಮೊದಲು ಮಾಡಿಸಿದ್ದು ಒಂದು ಫ್ಲೆಕ್ಸು. ಹತ್ತಡಿ ಉದ್ದ, ಆರಡಿ ಎತ್ತರ. ಅದರಲ್ಲಿ ಒಂದು ಮರ, ಒಂದು ಗುಬ್ಬಿ, ಮರಕ್ಕಿಂತ ದೊಡ್ಡದಾಗಿ ಪೈಠಣಿ ಸೀರೆ ಉಟ್ಟು ಕೈಮುಗಿದು ನಿಂತ ಶುಭಾಂಗಿ. ಕೆಳಗೆ ಮರಾಠಿಯಲ್ಲಿ 'ಕಚರಾಮುಕ್ತ ಹಳದಿ-ಕುಂಕು' ಎಂದು, ಅಂದರೆ ಕಸವಿಲ್ಲದ ಅರಿಷಿಣ-ಕುಂಕುಮವೆಂದು, ಬರೆಸಿದ್ದಳು. ಗಡಿಯಾಚೆಯ ಇಚಲಕರಂಜಿಯ ಆ ಕಾಲನಿಯ ಬಾಯಿಗೆ, ಎರಡು ಲೈಟಿನ ಕಂಬಗಳ ನಡುವೆ, ಅದನ್ನು ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದಿದ್ದರು.

ಹಾಲು ತರಲು ಹೋದ ನೇತ್ರಾ ಅದರ ಕೆಳಗೆ ನಿಂತು ಓದಿದಳು. ಓದಿ, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕಳು. ಆ ನಗೆ ಇಪ್ಪತ್ತೆರಡು ವರ್ಷದ ರೂಢಿ. ಗಡಹಿಂಗ್ಲಜ ಕಡೆಯ ನೇಸರಿಯಿಂದ ಈ ನೂಲಿನ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಯಾರಿಗೂ ಎದುರಾಡಿದವಳಲ್ಲ. ಆಡಬೇಕಾದುದನ್ನೆಲ್ಲ ಹೊಟ್ಟೆಯೊಳಗೇ ಆಡಿ ಮುಗಿಸುತ್ತಿದ್ದಳು. ಹೊಟ್ಟೆಯೊಳಗಿನ ಆ ನೇತ್ರಾಳ ನಾಲಿಗೆಯ ಮುಂದೆ ಕಾಲನಿಯ ಒಬ್ಬ ಹೆಂಗಸೂ ನಿಲ್ಲುವಂತಿರಲಿಲ್ಲ. ಹೊರಗಿನ ನೇತ್ರಾ ಮಾತ್ರ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು 'ಹೌದ್ರಿ, ಭಾಳ ಚಲೋ ಆತ್ರಿ' ಎನ್ನುತ್ತಿದ್ದಳು.

ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಆ ಸೀಮೆಯಲ್ಲಿ ಮನೆಮನೆಗೂ ಅರಿಷಿಣ-ಕುಂಕುಮ. ಕರೆದವಳು ಬಂದ ಮುತ್ತೈದೆಯರಿಗೆ ಎಳ್ಳು ಬೆಲ್ಲ ಕೊಟ್ಟು, ಜೊತೆಗೆ ಒಂದು ವಸ್ತು ಕೊಡಬೇಕು. ಅದಕ್ಕೆ ವಾಣ ಎನ್ನುತ್ತಾರೆ. ಒಂದು ಕಾಲಕ್ಕೆ ಬಳೆ, ಬಾಚಣಿಕೆ, ಕಬ್ಬಿನ ತುಂಡು ಕೊಡುತ್ತಿದ್ದರಂತೆ. ಈಗ ಸಾಬೂನಿನ ಡಬ್ಬಿ, ಚಹಾ ಸೋಸುವ ಜಾಳಿಗೆ, ಮೊಬೈಲು ಒರಗಿಸುವ ಪ್ಲಾಸ್ಟಿಕ್ ಕಪ್ಪೆ. ವಾಣವನ್ನು ಬೇಡ ಎನ್ನುವಂತಿಲ್ಲ. ಎಂದರೆ ಮುತ್ತೈದೆತನವನ್ನೇ ಬೇಡ ಎಂದಂತೆ. ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಕೇಳಿದರೆ ಎದುರಿನವಳ ಭಾಗ್ಯಕ್ಕೆ ಕೈ ಹಾಕಿದಂತೆ. ಕಸಕ್ಕೆ ಎಸೆಯುವುದಂತೂ ದೂರದ ಮಾತು. ಹೀಗಾಗಿ ಕಾಲನಿಯ ಪ್ರತಿ ಮನೆಯ ಅಟ್ಟದ ಮೇಲೂ ಯಾರೂ ಬಳಸದ, ಯಾರೂ ಎಸೆಯದ ಡಬ್ಬಿಗಳು ವರ್ಷ ವರ್ಷ ಮರಿ ಹಾಕುತ್ತ ಕೂತಿದ್ದವು.

ವಾರ್ಡಿನ ಕಸಮುಕ್ತ ಸ್ಪರ್ಧೆಯ ಸುದ್ದಿ ಬಂದ ದಿನ ಮಹಿಳಾ ಮಂಡಳದ ಅಧ್ಯಕ್ಷಿಣಿ ಶುಭಾಂಗಿಗೆ ಜ್ಞಾನೋದಯವಾಯಿತು. ವಾಟ್ಸಾಪಿನಲ್ಲಿ ಅವಳ ದನಿ ಬಂತು.

"ನೋಡ್ರಿ ವೈನಿಗೋಳ್ರ್ಯಾ, ಈ ಸಲ ಮನೀಗೊಂದ ಹಳದಿ-ಕುಂಕು ಬ್ಯಾಡ. ಎಲ್ಲಾರ್ದೂ ಕೂಡಿ ಹಾಲ್‌ನ್ಯಾಗ ಒಂದ. ಹೊಸಾ ವಾಣ ಯಾರೂ ತರಬ್ಯಾಡ್ರಿ. ಮನ್ಯಾಗ ಬಳಸಿದ್ದು, ಹಳೇದು, ಒಂದೊಂದು ತರ್ರಿ. ಹೆಸರ ಹಾಕೂದಿಲ್ಲ, ನಂಬರ ಹಾಕಿ ಚೀಟಿ ಎತ್ತೂಣು. ವಾರ್ಡಿನವ್ರು ಫೋಟೋ ತಗಿಯಾಕ ಬರೂರದಾರ, ಎಲ್ಲಾರೂ ಹಸರ ಸೀರಿ ಉಟಗೊಂಡ ಬರ್ರಿ."

ಹಸಿರು ಸೀರೆ ಇಲ್ಲದವರು ಅಂದೇ ಸಂಜೆ ಸೀರೆಯಂಗಡಿಗೆ ಹೋದರು. ನೇತ್ರಾ ಅದನ್ನೂ ಹೊಟ್ಟೆಯೊಳಗೆ ಬರೆದಿಟ್ಟುಕೊಂಡಳು.

ಆದರೆ ತಾನೇನು ಒಯ್ಯಬೇಕು? ಸ್ಟೂಲು ಹತ್ತಿ ಅಟ್ಟ ತಡಕುವಾಗ ಡಬ್ಬಿಗಳ ಹಿಂದೆ, ಹಳೆ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಗಂಟು ಕೈಗೆ ಹತ್ತಿತು. ಅವಳ ಅವ್ವ ಗುರುಸಿದ್ದವ್ವನ ಕುಂಕುಮದ ಪೆಟ್ಟಿಗೆ. ಗೇಣುದ್ದದ ಕಟ್ಟಿಗೆಯದು. ಮೇಲಿನ ಅರಗಿನ ಬಣ್ಣ ಕಿತ್ತುಹೋಗಿ ಕಂದಾಗಿತ್ತು. ಒಳಗೆ ಕುಂಕುಮಕ್ಕೊಂದು ಮನೆ, ಹಣೆಗೆ ಮೊದಲು ಹಚ್ಚುವ ಮೇಣಕ್ಕೊಂದು ಮನೆ, ಬಾಚಣಿಕೆಗೊಂದು ಉದ್ದನೆಯ ಸಂದಿ. ಮುಚ್ಚಳದ ಒಳಬದಿಗೆ ಕನ್ನಡಿ. ಕನ್ನಡಿಗೆ ಮೂಲೆಯಿಂದ ಮೂಲೆಗೆ ಸೀಳು. ನೇತ್ರಾಳ ತಮ್ಮ ಚಿಕ್ಕವನಿದ್ದಾಗ ಕಟ್ಟೆಯ ಮೇಲಿಂದ ಕೆಡವಿದ್ದ. ಮನೆಯಲ್ಲಿ ಒಡಕು ಕನ್ನಡಿ ಇರಬಾರದು ಎಂದು ಓಣಿಯ ಹೆಂಗಸರು ಹೇಳಿದಾಗ ಗುರುಸಿದ್ದವ್ವ, "ಕನ್ನಡಿ ಒಡದ್ರ ಮಾರಿ ಒಡೀತೇನ? ನಡೀರಿ ನಿಮ್ಮ ಕೆಲಸಕ್ಕ" ಎಂದಿದ್ದಳು. ಅವಳ ಬಾಯಿಗೆ ಡೇರಿಯಲ್ಲಿ ಹಾಲು ಅಳೆಯುವವನೂ ಹೆದರುತ್ತಿದ್ದ. ಆ ಸೀಳುಗನ್ನಡಿಯಲ್ಲೇ ಮೂವತ್ತು ವರ್ಷ ಹಣೆ ನೋಡಿಕೊಂಡಳು. ಅವಳು ಹೋದ ಮೇಲೆ ಹೊಲ ತಮ್ಮನಿಗೆ, ಬಂಗಾರ ತಮ್ಮನ ಹೆಂಡತಿಗೆ. ಯಾರಿಗೂ ಬೇಡವಾದ ಈ ಪೆಟ್ಟಿಗೆ ನೇತ್ರಾಳ ಪಾಲಿಗೆ. ಒಂಬತ್ತು ವರ್ಷದಿಂದ ಅದು ಅಟ್ಟದ ಮೇಲಿತ್ತು. ಅವಳು ಬಿಚ್ಚಿ ನೋಡಿರಲಿಲ್ಲ. ಆದರೆ ಇದೆ ಎಂಬುದು ಗೊತ್ತಿತ್ತು. ಈ ಮನೆಯಲ್ಲಿ ತನ್ನದು ಎಂದು ಅವಳು ಎಣಿಸುತ್ತಿದ್ದುದು ಅದೊಂದನ್ನೇ.

"ಅದನ್ನ ಒಯ್ತೀಯೇನ?" ಗಂಡ ಅಪ್ಪಣ್ಣ ಕೆಳಗಿನಿಂದ ಕೇಳಿದ. ಸ್ಟೂಲು ಹಿಡಿಯಲು ಬಂದವನು ಸ್ಟೂಲು ಬಿಟ್ಟು ಮೊಬೈಲು ಹಿಡಿದು ನಿಂತಿದ್ದ.

"ಒಯ್ತೇನ್ರಿ. ಹಳೇದು ಅಂದ್ರ ಏನ ಅನ್ನೂದು ಒಮ್ಮೆರ ನೋಡ್ಲಿ ಆ ಮಂದಿ."

"ಯಾರರ ಎತಿಗೊಂಡ ಹ್ವಾದ್ರ?"

"ಇದನ್ನ ಯಾರ್ ಒಯ್ತಾರ್ರಿ? ಟೇಬಲ್ ಮ್ಯಾಲ ಬಿಟ್ಟ ಹೋಗ್ತಾರ. ಕಡೀಕ ನಾನ ತಗೊಂಡ ಬರ್ತೇನಿ."

ಇದು ಅವಳ ಲೆಕ್ಕ. ಚೀಟಿ ಯಾರಿಗೇ ಬರಲಿ, ಮೂಗು ಮುರಿದು ಬಿಟ್ಟು ಹೋಗುತ್ತಾರೆ. ಹೋಗುವ ಮುನ್ನ ತಮ್ಮ ಹೊಳೆಯುವ ಡಬ್ಬಿಗಳ ನಡುವೆ ಆ ಕಂದು ಪೆಟ್ಟಿಗೆ ನೋಡಿ ಎಲ್ಲರ ಮೋರೆ ಒಂದು ಗಳಿಗೆ ಸಣ್ಣದಾಗುತ್ತದೆ. ಒಂದು ಮಾತೂ ಆಡದೆ, ಹೆಸರೂ ಹೇಳದೆ ಇಡೀ ಮಂಡಳದ ಕಪಾಳಕ್ಕೆ ಹೊಡೆದಂತೆ. ಹೆಸರಿಲ್ಲದೆ ಹೊಡೆಯುವ ಏಟು ನೇತ್ರಾಳಿಗೆ ಭಾಳ ಇಷ್ಟವಾಯಿತು. ತೆಳುವಾಗಿ ಕುಂಕುಮ ತುಂಬಿ, ಪೆಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿದಳು.

ಹಾಲ್‌ನಲ್ಲಿ ನಲವತ್ತೊಂದು ಹಸಿರು ಸೀರೆಗಳು ಸೇರಿದವು. ಟೇಬಲ್ಲಿನ ಮೇಲೆ ನಲವತ್ತೊಂದು ಪೇಪರಿನ ಪೊಟ್ಟಣಗಳು. ಬಣ್ಣದ ಕಾಗದ ನಿಷಿದ್ಧವೆಂದು ಶುಭಾಂಗಿ ಹೇಳಿದ್ದರಿಂದ, ಪೇಪರು ತರಿಸದ ಮನೆಯವರು ಅಂದಿನ ಪೇಪರು ಕೊಂಡು ಓದದೆ ಸುತ್ತಿದ್ದರು.

ಪಕ್ಕದ ಮನೆಯ ಪ್ರೇರಣಾ ನೇತ್ರಾಳ ಕಿವಿಗೆ ಬಾಯಿ ತಂದಳು. "ವೈನಿ, ಯಾರ ಮುಂದೂ ಅನಬ್ಯಾಡ್ರಿ. ನಂದು ಹೊಸಾದ ಐತಿ."

"ಹೊಸಾದು ತರಬಾರ್ದು ಅಂದಿದ್ರಲ್ಲ?"

"ಹಳೇದು ಕೊಟ್ರ ಮಂದಿ ಏನಂದಾರು? ವಾಣಕ್ಕ ಬಳಸಿದ್ದ ಕೊಡೂದು ಅಂದ್ರ ಎಂಜಲಾ ಕೊಟ್ಟಂಗ. ಹೊಸಾ ಡಬ್ಬಿ ತಂದು ನಾಕ ದಿವಸ ಶೇಂಗಾ ತುಂಬಿ ಇಟ್ಟೆ. ಬಳಸಿದಂಗ ಆತಿಲ್ಲ?"

ಪೊಟ್ಟಣಗಳನ್ನು ಬಿಚ್ಚತೊಡಗಿದಾಗ ಶೇಂಗಾದ ಉಪಾಯ ಒಬ್ಬಳದೇ ಅಲ್ಲವೆಂದು ಗೊತ್ತಾಯಿತು. ಒಬ್ಬಳು ಸ್ಟೀಲಿನ ತಂಬಿಗೆಗೆ ಬೂದಿ ತಿಕ್ಕಿ ಮಬ್ಬು ಮಾಡಿದ್ದಳು. ಇನ್ನೊಬ್ಬಳು ಜಾಳಿಗೆಯ ಬೆಲೆಯ ಚೀಟಿ ಕೆರೆದು ತೆಗೆದಿದ್ದಳು, ಅರ್ಧ ಉಳಿದಿತ್ತು. ಒಂದು ಟಿಫಿನ್ ಡಬ್ಬಿಯೊಳಗೆ ಕಂಪನಿಯವರು ಇಟ್ಟ ಗ್ಯಾರಂಟಿ ಕಾರ್ಡು ಮಡಚಿದ್ದು ಮಡಚಿದ ಹಾಗೇ ಕೂತಿತ್ತು. ಪ್ರತಿಯೊಬ್ಬಳೂ ಇನ್ನೊಬ್ಬಳ ಹಳೆಯದನ್ನು ನೋಡಿ, "ಎಷ್ಟ ಛಂದ ಕಾಯ್ದ ಇಟ್ಟಾರ ನೋಡ್ರಿ" ಎಂದು ಹೊಗಳಿದಳು. ವಾರ್ಡಿನಿಂದ ಬಂದ ಇಬ್ಬರು ಗಂಡಸರು ಫೋಟೋ ತೆಗೆದರು. ಕಸ ಕಡಿಮೆ ಮಾಡಲು ಕಾಲನಿ ಒಂದೇ ವಾರದಲ್ಲಿ ನಲವತ್ತು ಹೊಸ ವಸ್ತು, ಹದಿನೈದು ಹೊಸ ಸೀರೆ, ಒಂದು ಫ್ಲೆಕ್ಸು ಕೊಂಡಿತ್ತು. ನೇತ್ರಾಳ ಹೊಟ್ಟೆ ಹಬ್ಬದ ಊಟ ಉಂಡಂತೆ ತುಂಬಿ ಬಂತು. ಇಷ್ಟು ತಿರಸ್ಕಾರ ಒಂದೇ ದಿನ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ಇಪ್ಪತ್ತಾರನೆಯ ನಂಬರು ಶುಭಾಂಗಿಗೆ ಬಂತು. ಅವಳು ಫೋಟೋದವನ ಕಡೆ ಮುಖ ಮಾಡಿಯೇ ಪೇಪರು ಬಿಚ್ಚಿದಳು. ಕಂದು ಪೆಟ್ಟಿಗೆ ಕಂಡಿತು. ಯಾರೋ ಕಿಸಕ್ಕನೆ ನಕ್ಕರು.

"ಅಯ್ಯ, ಇದೇನ್ರಿ ಇದು? ಯಾರ ಮುತ್ಯಾನ ಕಾಲದ್ದು?" ಎನ್ನುತ್ತ ಶುಭಾಂಗಿ ಮುಚ್ಚಳ ತೆಗೆದಳು. ಅವಳ ಮೋರೆ ಎರಡು ತುಂಡಾಗಿ ಅವಳಿಗೇ ಕಂಡಿತು. ನಗು ನಿಂತಿತು.

"ಒಡಕ ಕನ್ನಡಿ," ಎಂದಳು ಮೆಲ್ಲಗೆ.

ಟೇಬಲ್ಲಿನ ಸುತ್ತ ಇದ್ದವರ ಕೈಗಳೆಲ್ಲ ತಾವಾಗಿಯೇ ಕೊರಳಿನ ತಾಳಿಗೆ ಹೋದವು. ನೇತ್ರಾಳದೂ ಹೋಯಿತು. ಕನ್ನಡಿಯ ಸೀಳು ಅವಳಿಗೆ ಮರೆತಿರಲಿಲ್ಲ. ಆದರೆ ಮುತ್ತೈದೆಗೆ ಅದು ಅಪಶಕುನವಾದೀತು ಎಂಬುದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಅವ್ವನ ಮನೆಯಲ್ಲಿ ಅದು ಬರೀ ಕನ್ನಡಿಯಾಗಿತ್ತು.

"ಮುತ್ತೈದಿಗೆ ಒಡಕ ಕನ್ನಡಿ ವಾಣ ಕೊಟ್ಟಾರ. ಯಾರ್ ತಂದೀರ್ರಿ ಇದನ್ನ?"

ನೇತ್ರಾಳ ತುಟಿಯ ಮೂಲೆಯ ನಗೆ ಅಲ್ಲೇ ಅಂಟಿಕೊಂಡಿತ್ತು; ಅದನ್ನು ಹೇಗೆ ತೆಗೆಯಬೇಕೋ ಅವಳಿಗೆ ತಿಳಿಯಲಿಲ್ಲ.

"ಯಾವಾಕಿನೋ ಹೊಟ್ಟಿಕಿಚ್ಚಿನಾಕಿ," ಪ್ರೇರಣಾ ಪಿಸುಗುಟ್ಟಿದಳು. "ಮಾಟಾ ಮಾಡಿಸಿ ತಂದಾಳೋ ಏನೋ. ಹೌದಲ್ರಿ ವೈನಿ?"

"ಯಾರಿಗೊತ್ರಿ," ಎಂದಳು ನೇತ್ರಾ.

ಶುಭಾಂಗಿ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ ಎಂದು ನೇತ್ರಾ ಇನ್ನೂ ಕಾದಳು. ಆದರೆ ವಾರ್ಡಿನವರು ಟೇಬಲ್ಲಿನ ಮೇಲೆ ಒಂದು ವಸ್ತುವೂ ಉಳಿಯಲಿಲ್ಲವೆಂದು ಬರೆದುಕೊಳ್ಳುತ್ತಿದ್ದರು. ಸ್ಪರ್ಧೆಯ ಅಂಕ ಹೋಗಬಾರದೆಂದು ಶುಭಾಂಗಿ ಪೆಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿ, ಸತ್ತ ಇಲಿಯನ್ನು ಒಯ್ಯುವಂತೆ ಮೈಯಿಂದ ದೂರ ಹಿಡಿದುಕೊಂಡು ಕಾರು ಹತ್ತಿದಳು.

ಎರಡು ದಿನ ನೇತ್ರಾ ಮನೆಯಲ್ಲಿ ಅಡ್ಡಾಡಿದಳು. ಅಡಿಗೆ ಮಾಡಿದಳು, ನೂಲಿನ ಗಿರಾಕಿಗಳಿಗೆ ಚಹಾ ಕಳಿಸಿದಳು. ಅಟ್ಟದ ಕಡೆ ನೋಡಿದಾಗಲೆಲ್ಲ ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದಂತಾಗುತ್ತಿತ್ತು. ಒಂಬತ್ತು ವರ್ಷ ಮುಟ್ಟದೆ ಇಟ್ಟವಳಿಗೆ ಈಗ ಅದರ ವಾಸನೆ, ಕಟ್ಟಿಗೆ ಮತ್ತು ಹಳೆ ಮೇಣದ ವಾಸನೆ, ಒಲೆಯ ಮುಂದೆ ಕೂತರೂ ಬರತೊಡಗಿತು. ಅವ್ವ ಇದ್ದಿದ್ದರೆ ನೇರ ಹೋಗಿ, "ನಂದೈತಿ ಕೊಡ" ಎನ್ನುತ್ತಿದ್ದಳು. ಅವ್ವನ ಪೆಟ್ಟಿಗೆ ಮಗಳಿಗೆ ಬಂದಿತ್ತು. ಬಾಯಿ ಬಂದಿರಲಿಲ್ಲ.

ಮೂರನೆಯ ದಿನ, ಎಂದೋ ತಂದಿಟ್ಟುಕೊಂಡಿದ್ದ ಇಡ್ಲಿ ಪಾತ್ರೆ ಮರಳಿ ಕೊಡುವ ನೆವ ಮಾಡಿ ಶುಭಾಂಗಿಯ ಮನೆಗೆ ಹೋದಳು.

"ಬರ್ರಿ ವೈನಿ, ಬರ್ರಿ. ಸ್ಪರ್ಧಾದಾಗ ನಾವ ಮೊದಲಿಗರು ಆಗೂದು ಪಕ್ಕಾ ಅಂತ." ಶುಭಾಂಗಿ ಸೋಫಾ ತೋರಿಸಿದಳು. "ನಿಮ್ಮ ಅಕ್ಷರ ಛಂದ ಅದಾವ. ರಿಪೋರ್ಟ್ ನೀವ ಬರದ ಕೊಡ್ರಿ. ನಲವತ್ತೊಂದು ವಸ್ತು ಕಸಕ್ಕ ಹೋಗೂದು ಉಳಿಸಿದ್ವಿ ಅಂತ."

"ಬರೀತೇನ್ರಿ." ನೇತ್ರಾ ಇಡ್ಲಿ ಪಾತ್ರೆ ಕೆಳಗಿಟ್ಟಳು. "ಅದು... ಆ ಕಟಗೀ ಪೆಟಗಿ ಏನ್ ಮಾಡಿದ್ರಿ?"

"ಅದರ ಹೆಸರ ತಗೀಬ್ಯಾಡ್ರಿ ನನ್ನ ಮುಂದ. ನಮ್ಮ ಯಜಮಾನ್ರಿಗೆ ಅವತ್ತ ಸಂಜಿಕನ ಬಿ.ಪಿ. ಏರಿತ್ತು. ಮರುದಿನಾ ಇಕ್ಕಳದಾಗ ಹಿಡದು ಘಂಟಾಗಾಡಿಗೆ ಒಗದೆ. ಕಟಗಿ ಒಣ ಕಸ, ಕುಂಕಮಾ ಯಾವ್ ಕಸ ಅನ್ನೂದ ತಿಳೀಲಿಲ್ಲ ನೋಡ್ರಿ. ಹಸಿದ್ರಾಗ ಹಾಕಿದ್ರ ಪಾಪ ಬಂದೀತು ಅಂತ ಒಣದ್ರಾಗ ಹಾಕಿದೆ."

ನಲವತ್ತೊಂದರಲ್ಲಿ ನಿಜವಾಗಿ ಹಳೆಯದಾಗಿದ್ದುದು ಒಂದೇ. ಕಸಕ್ಕೆ ಹೋದದ್ದೂ ಅದೊಂದೇ. ನೇತ್ರಾ ಅದನ್ನು ಹೊಟ್ಟೆಯೊಳಗೆ ಹಾಕಿಕೊಂಡಳು. ಈ ಸಲ ಅದರ ರುಚಿ ಅವಳಿಗೆ ಹತ್ತಲಿಲ್ಲ.

"ಭಾಳ ಚಲೋ ಮಾಡಿದ್ರಿ," ಎಂದು ಎದ್ದಳು.

ಘಂಟಾಗಾಡಿ ಎಂದರೆ ಮುಂಜಾನೆ ಹಾಡು ಹಾಕಿಕೊಂಡು ಕಸ ಒಯ್ಯಲು ಬರುವ ಬಂಡಿ. ಡ್ರೈವರನ ಜೊತೆಗೆ ಅದರ ಹಿಂದೆ ನಡೆಯುವವಳು ಜನಾಬಾಯಿ. ಗಂಡ ರಾಯಪ್ಪ ಅಥಣಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು, ಎಂಟು ವರ್ಷದ ಕೆಳಗೆ ಕೆಮ್ಮಿ ಕೆಮ್ಮಿ ಹೋಗಿದ್ದ. ಯಾವ ಮನೆಯಲ್ಲಿ ಏನು ಉಣ್ಣುತ್ತಾರೆ, ಯಾರು ಕದ್ದು ಏನು ಕುಡಿಯುತ್ತಾರೆ, ಎಲ್ಲ ಜನಾಬಾಯಿಗೆ ಬಕೆಟ್ಟಿನಿಂದಲೇ ಗೊತ್ತು. ಮರುದಿನ ಬೆಳಿಗ್ಗೆ ನೇತ್ರಾ ಕಾಲನಿಯ ಹೊರಗೆ, ಬಂಡಿ ನಿಲ್ಲುವ ಚಹಾದ ಅಂಗಡಿಯ ಹತ್ತಿರವೇ ಹೋಗಿ ಅವಳನ್ನು ಹಿಡಿದಳು.

"ಜನಾಬಾಯಿ, ಮೊನ್ನೆ ಶುಭಾಂಗಿಯವರ ಮನಿಂದ ಒಂದ ಕಟಗೀ ಪೆಟಗಿ ಬಂದಿತ್ತಲ್ಲ?"

ಜನಾಬಾಯಿ ಸೊಂಟದ ಚೀಲದೊಳಗೆ ಕೈ ಹಾಕಿ ತೆಗೆದಳು. "ಇದ ಏನ್ರಿ?"

ಪೆಟ್ಟಿಗೆ ಹೊಳೆಯುತ್ತಿತ್ತು. ಎಣ್ಣೆ ಹಚ್ಚಿ ಒರೆಸಿದ್ದಳು. ಕುಂಕುಮದ ಮನೆಯಲ್ಲಿ ಸೂಜಿ, ಗುಂಡಿ, ಪಿನ್ನು. ಮೇಣದ ಮನೆಯಲ್ಲಿ ಮಿಶ್ರಿ, ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ. ಬಾಚಣಿಕೆಯ ಸಂದಿಯಲ್ಲಿ ಬಾಚಣಿಕೆಯೇ.

"ಕನ್ನಡಿ ಒಡದೈತಿ. ನೋಡಿಲ್ಲೇನ?"

"ದಿನಾ ಅದರಾಗ ನೋಡಿ ತಲಿ ಹಿಕ್ಕೋತೇನ್ರಿ. ನನಗ ಇನ್ನೇನ ಮಾಡತೈತಿ ಅದು? ಆಗೂದೆಲ್ಲಾ ಕನ್ನಡಿ ಇಲ್ಲದನ ಆಗಿ ಹೋಗೈತಿ."

"ಅದು ನಮ್ಮ ಅವ್ವಂದು." ನೇತ್ರಾಳ ದನಿ ಸಣ್ಣಗಾಯಿತು. "ನನಗ ಬೇಕಾಗಿತ್ತು. ಬದಲಿ ಒಂದ ಸ್ಟೀಲಿನ ಡಬ್ಬಿ ಕೊಡ್ತೇನಿ. ಹೊಸಾದು."

"ಹೊಸಾ ಡಬ್ಬಿ ನೀವೆಲ್ಲಾ ಕದ್ದ ಮುಚ್ಚಿ ದಿನಾ ಕೊಡ್ತೀರಲ್ರಿ, ಬಕೆಟ್‌ನ್ಯಾಗ." ಜನಾಬಾಯಿ ಮಿಶ್ರಿ ಮೆತ್ತಿದ ಹಲ್ಲು ತೋರಿಸಿ ನಕ್ಕಳು. "ಅವ್ವಂದಂದ್ರ ಒಯ್ರಿ, ನಾ ಬ್ಯಾಡನ್ನಾಕಿಲ್ಲ. ಖರೆ ಇಲ್ಲಿ ಕೊಡೂದಿಲ್ಲ. ನಿಮ್ಮ ಓಣ್ಯಾಗ ಗಾಡಿ ನಿಂತಾಗ ನಾಕ ಮಂದಿ ಮುಂದ ಇಸಕೋರ್ರಿ. ಇದು ನಂದು, ನಾನ ಇಟ್ಟಿದ್ದೆ ಅಂತ ಒಂದ ಮಾತ ಅಂದು."

"ಯಾಕ? ಇಲ್ಲಿ ಕೊಟ್ರ ಏನಾತು?"

"ಮ್ಯಾಲಿನ ಕಾಲನ್ಯಾಗ ಒಬ್ಬಾಕಿ ಕುಕ್ಕರ್ ಒಗದು, ಮರುದಿನಾ ಹಿತ್ತಲ ಬಾಗಲಕ ಕರದು ಹೊಳ್ಳಿ ಇಸಕೊಂಡ್ಳು. ಸುಮ್ಮನ ಕೊಟ್ಟ ಬಂದೆ. ಸಂಜೀಕ ಆಕಿ ಅತ್ತಿ ಅಂತಾಳ, ಜನಾಬಾಯಿ ಕುಕ್ಕರ್ ಕದ್ದಿದ್ಲು, ನಮ್ಮ ಸೊಸಿ ಬಿಡಿಸಿಕೊಂಡ್ಳು ಅಂತ. ಆ ಗಾಡಿಯಿಂದ ನನ್ನ ಇಳಿಸಿದ್ರು, ಮೂರ ತಿಂಗಳ ಮನ್ಯಾಗ ಕುಂತೆ. ನಿಮ್ಮ ಮಂದಿದು ಕಸ ಹೊತ್ತೇನ್ರಿ ವೈನಿ. ಕಳವು ಹೊರೂದಿಲ್ಲ."

ನೇತ್ರಾ ಮನೆಯತ್ತ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. 'ಶುಭಾಂಗಿ ವೈನಿ, ಅದು ನಂದ್ರಿ. ನೀವು ಹಳೇದು ತರ್ರಿ ಅಂದಿದ್ರಿ, ನಾ ಒಬ್ಬಾಕಿನ ಖರೆ ಹಳೇದು ತಂದೆ.' ಎಷ್ಟು ಚೊಕ್ಕ ಮಾತು. ಇದಕ್ಕೆ ಯಾರೂ ಉತ್ತರ ಕೊಡುವಂತಿರಲಿಲ್ಲ. ಆಡಿದ ಮೇಲೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಮುತ್ತೈದೆಗೆ ಒಡಕು ಕನ್ನಡಿ ಕೊಟ್ಟವಳು ಎಂದು ಹೆಸರಾಗುತ್ತದೆ. ಶುಭಾಂಗಿಯ ಗಂಡನಿಗೆ ನಾಳೆ ನೆಗಡಿಯಾದರೂ ಅದು ನೇತ್ರಾಳ ಲೆಕ್ಕಕ್ಕೆ. ಮುಂದಿನ ಸಂಕ್ರಾಂತಿಗೆ ಒಂದು ಮನೆಯಿಂದಲೂ ಕರೆ ಬರುವುದಿಲ್ಲ. ಬರದಿದ್ದರೆ ಏನು ಹೋಯಿತು? ಆ ಮಂದಿಯನ್ನು ತಾನು ಯಾವತ್ತು ಮನುಷ್ಯರೆಂದು ಎಣಿಸಿದ್ದೆ? ಗೇಟು ತಲುಪುವ ಹೊತ್ತಿಗೆ ಅವಳು ಗಟ್ಟಿಯಾಗಿದ್ದಳು. ಹಸಿರು ಬಕೆಟ್ಟು, ನೀಲಿ ಬಕೆಟ್ಟು ಎರಡನ್ನೂ ಹಿಡಿದು ಹೊರಗೆ ಬಂದು ನಿಂತಳು.

ಹಾಡು ಹತ್ತಿರವಾಯಿತು. ಬಂಡಿ ಓಣಿಯ ನಡುವೆ ನಿಂತಿತು. ಪ್ರೇರಣಾ ಬಂದಳು, ಎದುರುಮನೆಯವರು ಬಂದರು, ನಾಲ್ಕನೆಯ ಗೇಟಿನಿಂದ ಶುಭಾಂಗಿ ಬಂದಳು. ಜನಾಬಾಯಿ ಏನೂ ಹೇಳದೆ ಪೆಟ್ಟಿಗೆಯನ್ನು ತೆಗೆದು ಬಂಡಿಯ ಅಂಚಿನ ಮೇಲೆ ಇಟ್ಟಳು.

ಶುಭಾಂಗಿ ಎರಡು ಹೆಜ್ಜೆ ಹಿಂದೆ ಸರಿದಳು. "ಏ ಜನಾಬಾಯಿ, ಆ ಪೀಡಾ ಇನ್ನೂ ಇಟಗೊಂಡೀಯೇನ? ನಮ್ಮ ಓಣ್ಯಾಗ ತರಬ್ಯಾಡ ಅದನ್ನ."

"ನಂದಲ್ರಿ. ಯಾರ್ದೈತಿ ಅವ್ರು ಒಯ್ಲಿ ಅಂತ ತಂದೇನಿ."

"ಯಾರ್ದಂತ?"

ಜನಾಬಾಯಿ ನೇತ್ರಾಳ ಕಡೆ ನೋಡಲಿಲ್ಲ. ಬಂಡಿಯೊಳಗಿನ ಚೀಲದ ಬಾಯಿ ಕಟ್ಟುತ್ತ ನಿಂತಳು. ನೋಡಿದ್ದರೆ ಒಳ್ಳೆಯದಾಗುತ್ತಿತ್ತು ಎಂದು ನೇತ್ರಾಳಿಗೆ ಅನಿಸಿತು. ಬೇರೆಯವರು ಬೆರಳು ತೋರಿಸಿದ್ದರೆ ಒಪ್ಪಿಕೊಳ್ಳುವುದು ಸುಲಭ. ಅವಳು ಬಾಯಿ ತೆರೆದಳು. ಹೊಟ್ಟೆಯೊಳಗಿನ ನಾಲಿಗೆಗಾಗಿ ತಡಕಾಡಿದಳು. ಇಪ್ಪತ್ತೆರಡು ವರ್ಷ ಯಾರನ್ನೂ ಬಿಡದೆ ಹರಿದು ಹಾಕಿದ ಆ ನಾಲಿಗೆ ಈಗ ಕರೆದರೆ ಓ ಎನ್ನಲಿಲ್ಲ.

"ಹೇಳೂ ಮಾರಿ ಇದ್ದಿದ್ರ ಅವತ್ತ ಹೇಳ್ತಿದ್ಲು," ಎಂದಳು ಪ್ರೇರಣಾ.

"ನೇತ್ರಾ ವೈನಿ," ಶುಭಾಂಗಿ ಕೇಳಿದಳು, "ಅವತ್ತ ನೀವು ಟೇಬಲ್ ಬಾಜೂಕ ಇದ್ರಿ. ಯಾರ್ ತಂದಿಟ್ರು ನೋಡಿದ್ರೇನ್ರಿ?"

ಎಲ್ಲರೂ ಅವಳ ಕಡೆ ತಿರುಗಿದರು. ಪೆಟ್ಟಿಗೆ ಕೈಯಳತೆಯಲ್ಲಿತ್ತು. ಮುಚ್ಚಳದ ಹತ್ತಿರ ಅವ್ವನ ಹೆಬ್ಬೆರಳು ಸವೆಸಿದ ತಗ್ಗೂ ಕಾಣುತ್ತಿತ್ತು.

"ನಾ ನೋಡಿಲ್ರಿ," ಎಂದಳು. "ಯಾರ್ದೋ ಏನೋ."

ಜನಾಬಾಯಿ ಆಗ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಮನೆಮನೆಯ ಬಕೆಟ್ಟಿನೊಳಗೆ ಏನಿದೆ ಎಂದು ಬಗ್ಗಿ ನೋಡುವಾಗ ಇರುವ ನೋಟವೇ ಅದು. ಪೆಟ್ಟಿಗೆ ತೆರೆದು, ಒಂದು ಚಿಟಿಕೆ ಮಿಶ್ರಿ ತೆಗೆದು, ಕನ್ನಡಿ ನೋಡಿಕೊಂಡು ನಿಧಾನವಾಗಿ ಹಲ್ಲಿಗೆ ತಿಕ್ಕಿದಳು. ಮುಚ್ಚಿ ಸೊಂಟದ ಚೀಲಕ್ಕೆ ಹಾಕಿದಳು. ಉಗುಳಿ ಬಂದು ಕೈ ಚಾಚಿದಳು.

"ಒಣಾ ಕಸ ಕೊಡ್ರಿ ವೈನಿ."

ನೇತ್ರಾ ನೀಲಿ ಬಕೆಟ್ಟು ಕೊಟ್ಟಳು. ಜನಾಬಾಯಿ ಅದನ್ನು ಬಂಡಿಯೊಳಗೆ ಕವುಚಿ, ತಳಕ್ಕೆ ಎರಡು ಸಲ ಬಡಿದು, ಖಾಲಿ ಬಕೆಟ್ಟನ್ನು ಅವಳ ಕೈಗೆ ಮರಳಿ ಕೊಟ್ಟಳು.